ಗೇನ್‌ಸೇ ಮಾಡಬೇಡ

ನಮ್ಮ ನೆಂಟರಿಷ್ಟರಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಸಹನಾ ಅನ್ನುವ ಹುಡುಗಿ ಕಾಲೇಜಿನಲ್ಲಿ ಡಿಬೇಟು ಕಲಿತು ತಲೆ ತಿರುಗಿ, ಡಿಕ್ಷನರಿಯಲ್ಲಿ ಸಿಕ್ಕ ಯಾವುದೋ ಇಂಗ್ಲಿಷ್ ಪದದ ಹುಚ್ಚಿಗೆ ಬಿದ್ದು, ಸ್ವಂತ ಅಕ್ಕನ ಒಪ್ಪಿಗೆ ಶಾಸ್ತ್ರದ ದಿನ ತುಂಬಿದ ಮನೆಯಲ್ಲಿ ಎದ್ದು ನಿಂತು ಬೀಗರ ಜೊತೆ ವಾದಕ್ಕಿಳಿದಳಂತೆ. ಊಟ ಆರಿತಂತೆ. ಇಬ್ಬರು ಹಿರಿಯರು ತಲೆಸುತ್ತಿ ಬಿದ್ದರಂತೆ. ತ್ಯಾಮಗೊಂಡ್ಲಿನ ನಮ್ಮ ಚಿಕ್ಕಮ್ಮನ ಬಾಯಲ್ಲಿ ಈ ಕಥೆ ಪ್ರತಿ ಸಲವೂ ಸ್ವಲ್ಪ ದಪ್ಪಗಾಗುತ್ತದೆ; ಕಳೆದ ಯುಗಾದಿಗೆ ಕೇಳಿದಾಗ ಅದರೊಳಗೆ ಒಂದು ಆಂಬುಲೆನ್ಸ್ ಕೂಡ ಬಂದಿತ್ತು.

ಆ ಸಹನಾ ನಾನೇ. ಹೆಸರಿಟ್ಟವರು ಆಗಿನ್ನೂ ನನ್ನನ್ನು ಸರಿಯಾಗಿ ನೋಡಿರಲಿಲ್ಲ.

ಈ ಕಥೆಗೆ ನನ್ನ ಆಕ್ಷೇಪವಿದೆ. ತಲೆಸುತ್ತಿದ್ದು ಇಬ್ಬರಿಗಲ್ಲ, ಒಬ್ಬರಿಗೆ. ಅವರು ಬಿದ್ದದ್ದೂ ಅಲ್ಲ, ಗೋಡೆಗೆ ಒರಗಿದ್ದು. ಮಧ್ಯಾಹ್ನದ ಹೋಳಿಗೆಗೆ ಹೊಟ್ಟೆಯಲ್ಲಿ ಜಾಗ ಇರಲಿ ಎಂದು ಬೆಳಗಿನ ತಿಂಡಿ ಬಿಟ್ಟು ಬಂದವರ ತಲೆ ಸುತ್ತಿದರೆ ಅದಕ್ಕೆ ನಾನು ಹೇಗೆ ಹೊಣೆ, ನೀವೇ ಹೇಳಿ. ಇನ್ನು ಕಥೆ ಹೇಳುವವರೆಲ್ಲ ಒಂದು ಸಂಗತಿಯನ್ನು ಮಾತ್ರ ನುಂಗಿಬಿಡುತ್ತಾರೆ: ಅಕ್ಕ ಕಟ್ಟಿದ ಡ್ರೈವಿಂಗ್ ಸ್ಕೂಲು ಮದುವೆಯಾದ ಮೇಲೆ ಉಳಿಯುತ್ತದೋ ಮುಚ್ಚುತ್ತದೋ ಅನ್ನುವುದನ್ನು ಆ ದಿನದವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟೊಂದು ಜನರ ಊಟ ತಡವಾದದ್ದು ಅದಕ್ಕೆ.

ಆದರೆ ಇಂಗ್ಲಿಷ್ ಪದದ ಆರೋಪವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಎದುರಾಳಿಗೆ ಒಂದು ಅಂಶ ಬಿಟ್ಟುಕೊಟ್ಟರೆ ತೀರ್ಪುಗಾರರಿಗೆ ನಮ್ಮ ಮೇಲೆ ಪ್ರೀತಿ ಬರುತ್ತದೆ ಎಂದು ನಮಗೆ ಕಲಿಸಿದ್ದಾರೆ. ಹಾಗಾಗಿ ಮೊದಲು ಪದದ ವಿಷಯ.

ಪದದ ಹೆಸರು ಗೇನ್‌ಸೇ. ಅದು ನನಗೆ ಸಿಕ್ಕಿದ್ದು ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ, ಎದುರು ತಂಡದ ಹುಡುಗನ ಬಾಯಿಂದ. ಅವನು ಎರಡು ವಾಕ್ಯಕ್ಕೊಮ್ಮೆ ಕೋಟಿನ ಗುಂಡಿ ಸರಿಮಾಡಿಕೊಂಡು, ಇದನ್ನು ಗೇನ್‌ಸೇ ಮಾಡಲಾಗದು, ಅದನ್ನು ಗೇನ್‌ಸೇ ಮಾಡಲಾಗದು ಎನ್ನುತ್ತಿದ್ದ. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪದದ ಅರ್ಥ ಗೊತ್ತಿಲ್ಲದಿದ್ದರೂ ಅವನು ಹೇಳಿದ್ದಕ್ಕೆಲ್ಲ ಎದುರು ಹೇಳುತ್ತಾ ಹೋದೆ. ಅಂದರೆ ಯಾವುದನ್ನು ಮಾಡಲಾಗದು ಎಂದು ಅವನು ಸಾರುತ್ತಿದ್ದನೋ ಅದನ್ನೇ ನಾನು ಅವನ ಮುಂದೆ ನಿಂತು ಮಾಡುತ್ತಿದ್ದೆ. ಬಹುಮಾನ ಅವನಿಗೆ ಹೋಯಿತು. ತೀರ್ಪುಗಾರರಿಗೂ ಆ ಪದದ ಅರ್ಥ ಗೊತ್ತಿರಲಿಲ್ಲ ಎಂದು ನನಗೆ ಈಗಲೂ ಗುಮಾನಿ.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಅಲ್ಲವೆನ್ನು, ಎದುರು ಹೇಳು, ಇಲ್ಲವೆಂದು ವಾದಿಸು. ಪದದ ಮೊದಲ ತುಂಡಾದ ಗೇನ್‌ಗೂ ಲಾಭ ಅನ್ನುವ ಅರ್ಥದ ಗೇನ್‌ಗೂ ಸಂಬಂಧವಿಲ್ಲವಂತೆ. ಅದು ಎದುರು ಅನ್ನುವ ಅರ್ಥದ ಹಳೆಯ ಇಂಗ್ಲಿಷಿನ ಚೂರು. ಇಷ್ಟು ತಿಳಿದ ಮೇಲೆ ಈ ಕ್ರಿಯಾಪದ ನನಗಾಗಿಯೇ ಹುಟ್ಟಿದೆ ಎಂದು ಖಾತ್ರಿಯಾಯಿತು. ಹುಟ್ಟಿದಂದಿನಿಂದ ನಾನು ಮಾಡುತ್ತಾ ಬಂದ ಕೆಲಸಕ್ಕೆ ಕೊನೆಗೂ ಒಂದು ಸೂಟುಬೂಟಿನ ಹೆಸರು ಸಿಕ್ಕಿತ್ತು.

ಕೆಲಸ ಹಳೆಯದೇ. ದೇವರು ಮಧ್ಯಾಹ್ನ ಮಲಗಿರುತ್ತಾನೆ, ಬಾಗಿಲು ತೆಗೆಯುವುದಿಲ್ಲ ಎಂದ ಪೂಜಾರಪ್ಪನನ್ನು, ಹಾಗಾದರೆ ಮಧ್ಯಾಹ್ನ ಬಿದ್ದು ಮಂಡಿ ತರಚಿಕೊಂಡವರು ಯಾರನ್ನು ಕೂಗಬೇಕು ಎಂದು ಕೇಳಿದವಳು ನಾನು. ನನ್ನ ಮಂಡಿ ಆಗ ತರಚಿತ್ತು. ಸ್ಕೂಲಿನಿಂದ ರಾಜಘಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಅಗೆದು ತೆಗೆದ ಇಟ್ಟಿಗೆಗಳನ್ನು ತೋರಿಸಿ ಮೇಷ್ಟ್ರು, ಬಹಳ ಹಿಂದೆ ಇಲ್ಲಿ ಬೌದ್ಧ ಭಿಕ್ಷುಗಳು ಕೂತು ವಾದ ಮಾಡುತ್ತಿದ್ದರೇನೋ ಎಂದರು. ಯಾರು ಗೆದ್ದರು ಸಾರ್ ಎಂದೆ. ವಾಪಸ್ ಬರುವಾಗ ನನ್ನನ್ನು ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿಗೆ ಹಾಕಿದರು. ಅಲ್ಲಿ ಡ್ರೈವರಿಗೂ ನನಗೂ ದೊಡ್ಡಬಳ್ಳಾಪುರ ಬರುವವರೆಗೆ ಹಾರನ್ನಿನ ಉಪಯೋಗದ ಬಗ್ಗೆ ಭಿನ್ನಾಭಿಪ್ರಾಯ ಇತ್ತು.

ಪದಕ್ಕೆ ಬರೋಣ. ಖುಷಿಯಲ್ಲಿ ಅದರ ಬಳಕೆಯ ಉದಾಹರಣೆಗಳನ್ನು ಹುಡುಕಿದೆ. ಆಗ ಒಂದು ವಿಚಿತ್ರ ಕಂಡಿತು. ಅವರ ಪ್ರಾಮಾಣಿಕತೆಯನ್ನು ಯಾರೂ ಗೇನ್‌ಸೇ ಮಾಡಲಾರರು. ಈ ಸತ್ಯವನ್ನು ಗೇನ್‌ಸೇ ಮಾಡುವಂತಿಲ್ಲ. ಇದನ್ನು ಗೇನ್‌ಸೇ ಮಾಡುವವರಿಲ್ಲ. ಯಾವ ಪುಸ್ತಕ ತೆರೆದರೂ ಯಾರೂ, ಎಂದೂ, ಲಾರರು, ಇಲ್ಲ. ಇಂಥವಳು ಎದ್ದು ನಿಂತಳು, ಗೇನ್‌ಸೇ ಮಾಡಿದಳು, ಕೂತಳು ಅನ್ನುವ ವಾಕ್ಯ ಇಲ್ಲವೆನ್ನುವಷ್ಟು ಅಪರೂಪ. ಊರ ತುಂಬ ವಾಹನ ನಿಲ್ಲಿಸಬೇಡಿ ಎಂಬ ಬೋರ್ಡುಗಳು, ಊರಿನಲ್ಲಿ ಒಂದು ಸೈಕಲ್ಲೂ ಇಲ್ಲ.

ನಮ್ಮ ಕನ್ನಡ ಇದಕ್ಕಿಂತ ಮೇಲು ಎಂದು ಎದೆಯುಬ್ಬಿಸಿ ನೋಡಿದರೆ ಅಲ್ಲೂ ಅದೇ ಹಾಡು. ಅಲ್ಲಗಳೆಯುವಂತಿಲ್ಲ, ಅಲ್ಲಗಳೆಯಲಾಗದು. ನಮ್ಮ ಪೈಕಿ ಧೈರ್ಯವಾಗಿ ಅಲ್ಲಗಳೆಯುವವರು ಮಂತ್ರಿಗಳು ಮಾತ್ರ, ಅದೂ ಅವರ ಮೇಲಿನ ಆರೋಪವನ್ನು. ಎದುರಾಡು ಅನ್ನುವುದನ್ನು ತೆಗೆದುಕೊಳ್ಳಿ. ನಮ್ಮಮ್ಮನ ಬಾಯಲ್ಲಿ ಅದು ಬೇಡ ಅನ್ನುವ ಬಾಲವಿಲ್ಲದೆ ಒಂದು ದಿನವೂ ಹೊರಗೆ ಬಂದಿಲ್ಲ. ಇಂಗ್ಲಿಷಿನವರು ಆಗುವುದಿಲ್ಲ ಅನ್ನುತ್ತಾರೆ, ಅಮ್ಮ ಬೇಡ ಅನ್ನುತ್ತಾಳೆ. ಅಮ್ಮನದ್ದೇ ಹೆಚ್ಚು ಪ್ರಾಮಾಣಿಕ. ಆಗುತ್ತದೆ ಅಂತ ಅವಳಿಗೆ ಗೊತ್ತು.

ನನಗೆ ವಾರಕ್ಕೊಂದು ಪದವನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುವ ಅಭ್ಯಾಸ. ಆ ವಾರ ಗೇನ್‌ಸೇ ಅಂಟಿತು. ಬೆಳಿಗ್ಗೆ ಉಪ್ಪಿಟ್ಟನ್ನು ಗೇನ್‌ಸೇ ಮಾಡಿದೆ, ಸಂಜೆ ಅಪ್ಪನ ರಾಜಕೀಯವನ್ನು ಮಾಡಿದೆ. ಅಮ್ಮ ಎರಡು ದಿನ ಸುಮ್ಮನೆ ಕೇಳಿಸಿಕೊಂಡಳು. ಮೂರನೇ ದಿನ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, ನಿನ್ನೆ ಮೊನ್ನೆಯದಲ್ಲ, ತವರಿನಿಂದಲೇ ತಂದ ಪದದ ಹಾಗೆ ಅಂದಳು: "ಗೇನ್‌ಸೇ ಮಾಡ್ಬೇಡ, ಹೋಗಿ ಹಾಲು ತಗೊಂಬಾ."

ಸಮುದ್ರ ದಾಟಿ ಬಂದ ಕ್ರಿಯಾಪದ ನಮ್ಮ ಅಡುಗೆಮನೆ ಹೊಕ್ಕ ಮೂರನೇ ದಿನಕ್ಕೇ ತನ್ನ ಹಳೆಯ ಹಣೆಬರಹವನ್ನು ಸೇರಿತ್ತು.

ಅದೇ ವಾರದ ಭಾನುವಾರ ಅಕ್ಕನ ಒಪ್ಪಿಗೆ ಶಾಸ್ತ್ರ.

ಅಕ್ಕ ರೂಪಾ ಸ್ವಭಾವದಲ್ಲಿ ನನಗೆ ತದ್ವಿರುದ್ಧ. ಅವಳು ಮಾತಾಡುವುದಿಲ್ಲ, ಮಾಡುತ್ತಾಳೆ. ನೆಲಮಂಗಲದಲ್ಲಿ ಹಳೆಯ ಕಾರೊಂದನ್ನು ಕೊಂಡು, ಎಡಗಡೆಗೂ ಬ್ರೇಕು ಹಾಕಿಸಿ, ನೆತ್ತಿಗೆ ಬೋರ್ಡು ಏರಿಸಿ, ಒಬ್ಬಳೇ ಡ್ರೈವಿಂಗ್ ಸ್ಕೂಲು ತೆರೆದಿದ್ದಳು. ಮೊದಲು ಬಂದವರು ಅಂಗನವಾಡಿ ಟೀಚರು. ಆಮೇಲೆ ಅವರ ಓರಗಿತ್ತಿ, ಆಮೇಲೆ ಓರಗಿತ್ತಿಯ ಗಂಡ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕೈ ನಡುಗುವ ಹೆಂಗಸರ ಪಕ್ಕ ಕೂತು ಅಕ್ಕ, ಏನೂ ಆಗಲ್ಲ, ಕ್ಲಚ್ ನಿಧಾನಕ್ಕೆ ಬಿಡಿ ಎನ್ನುವುದನ್ನು ಕೇಳಿದರೆ ಲಾರಿಗಳೇ ಸಮಾಧಾನವಾಗಿ ಪಕ್ಕಕ್ಕೆ ಸರಿಯುವ ಹಾಗಿರುತ್ತಿತ್ತು. ಅವಳಿಗೆ ಗಾಬರಿಯಾದರೆ ಮಾತ್ರ ಎಡಗೈ ತಾನಾಗಿ ಗಾಳಿಯಲ್ಲಿ ಗೇರು ಬದಲಿಸುತ್ತದೆ.

ಹೊಸಕೋಟೆ ಕಡೆಯಿಂದ ಬಂದ ಹುಡುಗ ಹರೀಶ, ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅಕ್ಕನಿಗೆ ಅವನು ಇಷ್ಟವಾಗಿದ್ದ. ಸ್ಕೂಲೂ ಇಷ್ಟ. ಎರಡೂ ಇಷ್ಟವಾಗುವುದು ಅಪರಾಧವಲ್ಲ, ಆದರೆ ಎರಡನೆಯದರ ಮಾತು ಎತ್ತಿದಾಗಲೆಲ್ಲ ಬೀಗರ ಕಡೆಯವರು ನಗುನಗುತ್ತಾ, ಅದೆಲ್ಲ ಆಮೇಲೆ ನೋಡಿಕೊಂಡರಾಯಿತು ಎನ್ನುತ್ತಿದ್ದರು. ನಮ್ಮ ಅಪ್ಪನೂ ನಗುನಗುತ್ತಾ ಹೌದು ಹೌದು ಎನ್ನುತ್ತಿದ್ದ. ಹೆಣ್ಣಿನ ಕಡೆಯವರು ಕರಾರು ಹಾಕಿದ ಹಾಗೆ ಕಾಣಬಾರದು ಎಂದು ಅಮ್ಮನ ಅಂಜಿಕೆ. ಆಮೇಲೆ ಅನ್ನುವ ಪದವನ್ನು ನೀವು ನಂಬುತ್ತೀರಾ? ನಾನು ನಂಬುವುದಿಲ್ಲ. ಅದರೊಳಗೆ ಇಲ್ಲ ಅನ್ನುವುದು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಕೂತಿರುತ್ತದೆ. ಭಾನುವಾರ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಅಕ್ಕ ಕನ್ನಡಿಗೆ ಹೇಳಿದಳು, "ಕಾರು ಮಾರೋದಾದ್ರೆ ಅಂಗನವಾಡಿ ಟೀಚರ್‌ಗೇ ಕೊಡ್ಬೇಕು ಕಣೇ. ಅವರಿಗೆ ಅದರ ಕ್ಲಚ್ ಗೊತ್ತು." ಎಡಗೈ ಮಡಿಲಲ್ಲಿ ಮೂರನೇ ಗೇರಿನಲ್ಲಿತ್ತು.

ಇಲ್ಲಿ ಅಡ್ಡೆಲೆಯ ವಿಷಯ ಹೇಳಬೇಕು. ನಮ್ಮ ಬಳಗದ ಕೆಲವೇ ಮನೆಗಳಲ್ಲಿರುವ ಪದ್ಧತಿ ಇದು, ನಿಮ್ಮ ಕಡೆ ಇರಲಿಕ್ಕಿಲ್ಲ. ಒಪ್ಪಿಗೆಯ ತಟ್ಟೆಯಲ್ಲಿ ವೀಳ್ಯದೆಲೆಗಳನ್ನೆಲ್ಲ ತುದಿ ಒಂದೇ ದಿಕ್ಕಿಗೆ ಬರುವ ಹಾಗೆ ಜೋಡಿಸಿ, ಮೇಲೆ ಒಂದೇ ಒಂದು ಎಲೆಯನ್ನು ಅಡ್ಡ ಇಡುತ್ತಾರೆ. ಎರಡೂ ಕಡೆಯ ಹಿರಿಯರು ಒಪ್ಪಿಗೆ ಎಂದ ಮೇಲೆ ಹೆಣ್ಣಿನ ಕಡೆಯವರೊಬ್ಬರು, ಸಾಮಾನ್ಯವಾಗಿ ಸೋದರಮಾವ, ಆ ಅಡ್ಡ ಎಲೆ ಎತ್ತಿ ಒಂದು ತಕರಾರು ಹೇಳಬೇಕು. ಗಂಡಿನ ಕಡೆಯವರು ಉತ್ತರ ಕೊಡಬೇಕು. ಎಲೆ ಎತ್ತಿದವರಿಗೆ ಸಮಾಧಾನವಾದರೆ ಅದನ್ನು ಉಳಿದ ಎಲೆಗಳ ದಿಕ್ಕಿಗೆ ತಿರುಗಿಸಿ ಇಡುತ್ತಾರೆ. ಅಲ್ಲಿಯವರೆಗೆ ಊಟಕ್ಕೆ ಎಲೆ ಹಾಕುವ ಹಾಗಿಲ್ಲ. ಎಲ್ಲರೂ ಹೂಂ ಅಂದ ಮಾತಿಗೆ ದೃಷ್ಟಿ ತಾಕುತ್ತದೆ, ಒಬ್ಬರಾದರೂ ಊಹೂಂ ಅನ್ನಲಿ ಅನ್ನುವುದು ಲೆಕ್ಕಾಚಾರ.

ಆದರೆ ಊಹೂಂ ಎಂಥದ್ದು ಗೊತ್ತೇ? ನಮ್ಮ ಗೋವಿಂದ ಮಾವ ಈ ಕೆಲಸದಲ್ಲಿ ಹೆಸರುವಾಸಿ. ಒಂದು ಶಾಸ್ತ್ರದಲ್ಲಿ, ಹುಡುಗ ನಗುವಾಗ ಒಂದೇ ಕಡೆ ನಗುತ್ತಾನೆ ಎಂದಿದ್ದ. ಇನ್ನೊಂದರಲ್ಲಿ, ನಿಮ್ಮೂರ ನೀರು ಉಪ್ಪು, ನಮ್ಮ ಹುಡುಗಿಯ ಕಾಫಿ ಕೆಡುತ್ತದೆ ಎಂದಿದ್ದ. ಕ್ಯಾನ್ ನೀರು ತರಿಸುತ್ತೇವೆ ಎಂದು ಬೀಗರು ಕೈಮುಗಿದಿದ್ದರು. ಎಲ್ಲರೂ ನಗುವುದು, ಎಲೆ ತಿರುಗುವುದು, ಬಾಳೆಲೆ ಹಾಸುವುದು. ಎಲೆ ಎತ್ತಲೇಬೇಕು, ಆದರೆ ನಿಜವಾದ ತಕರಾರು ಹೇಳಕೂಡದು. ಈ ನಿಯಮವನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ಎಲ್ಲರಿಗೂ ಗೊತ್ತು. ಆ ವಾರ ಮಾತ್ರ ನನಗೆ ಫ್ರಿಜ್ಜಿನ ಮೇಲಿನ ಚೀಟಿ ನೋಡಿದಾಗಲೆಲ್ಲ ಅಡ್ಡೆಲೆಯೇ ಕಣ್ಣಿಗೆ ಕಟ್ಟುತ್ತಿತ್ತು.

ಭಾನುವಾರ ಗೋವಿಂದ ಮಾವ ಬಂದ, ಆದರೆ ಬಾಯಿ ಬಂದಿರಲಿಲ್ಲ. ಆ ಬೆಳಿಗ್ಗೆಯೇ ದವಡೆ ಹಲ್ಲು ಕೀಳಿಸಿಕೊಂಡು, ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡು, ಒಂದು ಕಡೆ ಊದಿದ ಮುಖ ಹೊತ್ತು ತಟ್ಟೆಯ ಮುಂದೆ ಕೂತಿದ್ದ. ಹಿರಿಯರ ಒಪ್ಪಿಗೆ ಮುಗಿಯಿತು. ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಹತ್ತಿ ತೋರಿಸಿದ. ಆಮೇಲೆ ಬೆರಳು ನನ್ನ ಕಡೆ ತೋರಿಸಿದ.

ಹೆಣ್ಣುಹುಡುಗಿ ಎಲೆ ಎತ್ತಬಹುದೇ ಎಂದು ಗೊಣಗಾಟವಾಯಿತು. ಸೋದರಮಾವನ ಬದಲು ನಾದಿನಿಯೇ, ಇದ್ಯಾವ ಊರ ಶಾಸ್ತ್ರ ಎಂದು ಒಬ್ಬರು. ತಿಂಡಿ ಬಿಟ್ಟು ಬಂದಿದ್ದವರು, ಯಾರೋ ಒಬ್ಬರು ಬೇಗ ಎತ್ತಲಿ ಬಿಡ್ರಪ್ಪ ಎಂದು ತೀರ್ಪು ಕೊಟ್ಟರು. ಮಾವ ಫೋನಿನಲ್ಲಿ ಟೈಪು ಮಾಡಿ ನನ್ನ ಮುಂದೆ ಹಿಡಿದ: ಹುಡುಗನ ಕಿವಿ ದೊಡ್ಡದು ಅನ್ನು. ನಿಜವಾಗಿಯೂ ದೊಡ್ಡದಿತ್ತು. ಒಳ್ಳೆಯ ತಕರಾರು.

ಎಲೆ ಎತ್ತಿದೆ. ಎಲ್ಲರೂ ನಗಲು ತುಟಿ ಸಡಿಲ ಮಾಡಿಕೊಂಡರು. ಅಕ್ಕನ ಎಡಗೈ ಸೀರೆಯ ಸೆರಗಿನಡಿ ಒಂದು, ಎರಡು, ಮತ್ತೆ ಒಂದು ಎಂದು ಅಲುಗುತ್ತಿತ್ತು. ಅದೊಂದು ಕಣ್ಣಿಗೆ ಬೀಳದಿದ್ದರೆ ನಾನು ಕಿವಿಯಲ್ಲೇ ನಿಲ್ಲಿಸುತ್ತಿದ್ದೆನೋ ಏನೋ.

"ನನ್ನ ತಕರಾರು ಇಷ್ಟೇ. ಅಕ್ಕನ ಡ್ರೈವಿಂಗ್ ಸ್ಕೂಲು ಮದುವೆ ಆದ್ಮೇಲೂ ನಡೆಯುತ್ತೆ ಅಂತ ಇಲ್ಲಿವರೆಗೆ ಯಾರೂ ಹೇಳಿಲ್ಲ."

ನಗು ಬರಲಿಲ್ಲ. ಸಡಿಲಾದ ತುಟಿಗಳು ಹಾಗೇ ಉಳಿದವು. ಅಮ್ಮ ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿದ ನೋಟದಲ್ಲಿ ಸಮುದ್ರದಾಚೆಯ ಪದವೂ ಅದರ ಬಾಲವೂ ಸ್ಪಷ್ಟವಾಗಿದ್ದವು. ಹರೀಶನ ಅಪ್ಪ ಕೆಂಪಯ್ಯನವರು ಒಳ್ಳೆಯವರು, ಮೊದಲು ಚೇತರಿಸಿಕೊಂಡವರು ಅವರೇ. ಅದೆಲ್ಲ ಆಮೇಲೆ ನೋಡಿಕೊಳ್ಳೋಣ ಬಿಡಮ್ಮ ಎಂದು ನಕ್ಕರು.

"ಊಟಾನೂ ಆಮೇಲೆ ನೋಡ್ಕೊಳ್ಳೋಣವಾ ಅಂಕಲ್?"

ಇದು ಅಧಿಕಪ್ರಸಂಗ ಎಂದು ನನಗೂ ಗೊತ್ತು. ಆದರೆ ಒಳ್ಳೆಯ ಅಂಶ. ಅಪ್ಪ ಎದ್ದು ಬಂದು ನನ್ನ ಕೈಯಿಂದ ಎಲೆ ಕಿತ್ತುಕೊಳ್ಳಲು ನೋಡಿದ. ಆಗ ಕಂಬಕ್ಕೊರಗಿ ಕೂತು ಅಡಕೆ ಕುಟ್ಟುತ್ತಿದ್ದ ಮುದುಕಿಯೊಬ್ಬರು ಕುಟ್ಟಾಣಿ ನಿಲ್ಲಿಸಿದರು. ಕೆಂಪಯ್ಯನವರ ತಾಯಿ, ಮುನಿಯಮ್ಮಜ್ಜಿ. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

"ಎಲೆ ಎತ್ತವ್ಳೆ. ಜವಾಬು ಹೇಳ್ರಪ್ಪ," ಅಂದರು. "ಜವಾಬು ಇಲ್ದೆ ಎಲೆ ತಿರುಗಿಸೋ ಹಂಗಿಲ್ಲ."

ಅಪ್ಪ ಕೂತ. ಪದ್ಧತಿ ಅಂದರೆ ಪದ್ಧತಿ. ಕೆಂಪಯ್ಯನವರು ಹೆಗಲ ಮೇಲಿನ ಟವಲು ತೆಗೆದು ಮತ್ತೆ ಹಾಕಿಕೊಂಡು, ಹೊಸಕೋಟೆಯಿಂದ ನೆಲಮಂಗಲಕ್ಕೆ ದಿನಾ ಓಡಾಡುವುದು ಹೇಗೆ ಎಂದರು. ನ್ಯಾಯವಾದ ಪ್ರಶ್ನೆ. ಅಂಗಡಿಯಾಗಿದ್ದರೆ ಹೊತ್ತು ತರಲಾಗುತ್ತಿರಲಿಲ್ಲ, ಇದು ಚಕ್ರದ ಮೇಲಿರುವ ಸ್ಕೂಲು, ಓಡಿಸಿಕೊಂಡು ಬಂದರಾಯಿತು ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಷ್ಟರಲ್ಲಿ ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಬಂದು, ಹಪ್ಪಳ ಮೆತ್ತಗಾಗುತ್ತಿವೆ ಎಂದು ಸಭೆಗೆ ತಿಳಿಸಿ ಹೋದರು. ತಿಂಡಿ ಬಿಟ್ಟು ಬಂದವರು ಗೋಡೆಗೆ ಒರಗಿದ್ದು ಆಗಲೇ.

ಕೆಂಪಯ್ಯನವರು ಕೊನೆಯ ಅಸ್ತ್ರ ತೆಗೆದರು. "ನಮ್ದೇನೂ ಇಲ್ಲಮ್ಮ. ಸೊಸೆ ಊರಿನ ಗಂಡಸರಿಗೆಲ್ಲ ಕಾರು ಕಲಿಸ್ತಾಳೆ ಅಂದ್ರೆ ಜನ ಏನಂತಾರೆ?"

ನಾನು ಬಾಯಿ ತೆರೆದೆ. ಜನ ಅನ್ನುವವರ ಮೇಲೆ ನನ್ನ ಬಳಿ ತಯಾರಾದ ಭಾಷಣವೇ ಇದೆ. ಆದರೆ ಅಜ್ಜಿ ನನ್ನ ಸರದಿ ಕಿತ್ತುಕೊಂಡರು.

"ಊರಿನ್ ಗಂಡಸರು ಆಮ್ಯಾಕೆ. ನಿನ್ ಮಗಂಗೇ ಬರಾಕಿಲ್ವಲ್ಲೋ. ಕಾರು ತಂದು ಶೆಡ್ಡಲ್ಲಿ ನಿಲ್ಲಿಸ್ಕೊಂಡು ವಾರವಾರ ತೊಳೆದು ಬಟ್ಟೆ ಹೊದಿಸ್ತಾನೆ, ಹಸುಗೂಸು ಮಲಗಿಸ್ದಂಗೆ."

ಆಗ ಬಂತು ನೋಡಿ ನಗು. ತಡೆಹಿಡಿದದ್ದೆಲ್ಲ ಒಟ್ಟಿಗೆ ಬಂತು. ಗೋವಿಂದ ಮಾವ ಹತ್ತಿ ಜಾರದಂತೆ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಕಣ್ಣೀರು ಸುರಿಸುತ್ತಿದ್ದ. ಹರೀಶನ ದೊಡ್ಡ ಕಿವಿಗಳು ಕೆಂಪಾಗಿ ಎದ್ದು ಕಾಣುತ್ತಿದ್ದವು. ಗದ್ದಲ ಇಳಿದ ಮೇಲೆ ಅವನು ತನ್ನ ಅಪ್ಪನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ.

"ಸ್ಕೂಲು ಇರ್ಲಿ. ಹೊಸಕೋಟೆಗೇ ತರೋಣ," ಅಂದ. "ಮೊದಲನೇ ಅಡ್ಮಿಷನ್ ನಂದು ಬರ್ಕೊಳ್ಳಿ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಸೆರಗಿನಡಿಯ ಕೈ ನಿಂತಿತ್ತು.

"ರೂಲ್ಸು ಎಲ್ಲರಿಗೂ ಒಂದೇ," ಅಂದಳು ಅಕ್ಕ. "ಲೇಟಾಗಿ ಬಂದ್ರೆ ಆವತ್ತು ಕ್ಲಾಸಿಲ್ಲ."

ಕೆಂಪಯ್ಯನವರು ಟವಲಿನಿಂದ ಮುಖ ಒರೆಸಿಕೊಂಡು, ಆಯಿತು, ನಡೆಯಲಿ, ಎಲ್ಲರ ಮುಂದೆ ಹೇಳಿದ್ದೇನೆ ಎಂದರು. ಸಮಾಧಾನವಾಯಿತಾ ಎಂದು ನನ್ನನ್ನು ಕೇಳಿದರು. ನನ್ನ ಜೀವನದಲ್ಲಿ ಮೊದಲ ಬಾರಿ ಹೂಂ ಎಂದೆ. ಎಲೆಯನ್ನು ಉಳಿದವುಗಳ ದಿಕ್ಕಿಗೆ ತಿರುಗಿಸಿ ಇಟ್ಟೆ.

ಆದ್ದರಿಂದ, ಓದುಗರೇ, ಪದದ ಹುಚ್ಚಿಗೆ ಊಟ ಕೆಡಿಸಿದಳು ಅನ್ನುವ ಕಥೆಯನ್ನು ನಂಬಬೇಡಿ. ಊಟ ಕೆಟ್ಟಿರಲಿಲ್ಲ. ಹಪ್ಪಳ ಮೆತ್ತಗಾಗಿತ್ತು, ಒಪ್ಪುತ್ತೇನೆ. ಪದದ ಪಾತ್ರ ಇಷ್ಟೇ: ಯಾರೂ ಮಾಡಲಾರರು ಎಂದು ಅಷ್ಟೊಂದು ಪುಸ್ತಕಗಳು ಒಟ್ಟಾಗಿ ಹೇಳಿದರೆ, ಮಾಡಿದರೆ ಏನಾಗುತ್ತದೆ ನೋಡೋಣ ಅನ್ನಿಸುವ ಸ್ವಭಾವ ನನ್ನದು. ಅಕ್ಕನ ಸ್ಕೂಲು ಈಗ ಹೊಸಕೋಟೆಯಲ್ಲಿದೆ. ಭಾವ ಮೂರು ಸಲ ಕ್ಲಾಸಿಗೆ ಲೇಟಾಗಿ ಹೋಗಿ ಮೂರು ಸಲವೂ ಕ್ಲಾಸಿಲ್ಲದೆ ಫ್ಯಾಕ್ಟರಿಗೆ ಬಸ್ಸು ಹಿಡಿದಿದ್ದಾರೆ. ಕೆಂಪಯ್ಯನವರು ಮಾತ್ರ ಸೊಸೆಯ ಕಾರು ಬೀದಿಯಲ್ಲಿ ಬಂದರೆ ಎಮ್ಮೆಗಳನ್ನು ತಾವೇ ಬದಿಗೆ ಸರಿಸಿ ದಾರಿ ಬಿಡಿಸುತ್ತಾರಂತೆ.

ಆ ದಿನದ ಊಟದಲ್ಲಿ ನನ್ನ ಪಕ್ಕದ ಎಲೆ ಮುನಿಯಮ್ಮಜ್ಜಿಯದು. ಅಮ್ಮ ನನಗೆ ಬಡಿಸುವಾಗ ಹೋಳಿಗೆಯ ಮೇಲೆ ತುಪ್ಪ ಹಾಕದೆ ಮುಂದೆ ಹೋದಳು. ಅಜ್ಜಿ ತಮ್ಮ ತುಪ್ಪದಲ್ಲಿ ಅರ್ಧ ನನ್ನ ಎಲೆಗೆ ಜಾರಿಸಿದರು. ಇಂಥ ಜವಾಬು ಸವಾಲು ತಾವು ಕಂಡೇ ಇಲ್ಲವೆಂದೂ, ತಮ್ಮ ಒಪ್ಪಿಗೆಯಲ್ಲೂ ಅಡ್ಡೆಲೆ ಇಟ್ಟಿದ್ದರೆಂದೂ ಹೇಳಿದರು. ಎತ್ತಿದ್ದು ಯಾರು ಎಂದು ಕೇಳಿದೆ.

"ನಮ್ ಸ್ವಾದರಮಾವ. ಹುಡ್ಗ ಗೊರಕೆ ಹೊಡೀತಾನಂತೆ ಅಂದ. ಎಲ್ಲಾ ನಕ್ಕು ಉಣ್ಣಾಕೆ ಎದ್ರು." ಅಜ್ಜಿ ಹೋಳಿಗೆಯ ಅಂಚನ್ನು ಬೆರಳಲ್ಲಿ ಮುರಿದರು. "ತಟ್ಟೆ ನನ್ ಮುಂದೇನೇ ಇತ್ತು ಕಣಮ್ಮಿ. ಕೈ ಚಾಚಿದ್ರೆ ಸಿಗೋ ಹಂಗೆ."

ಅಷ್ಟು ಹೇಳಿ ಮುರಿದ ತುಂಡನ್ನು ತುಪ್ಪದಲ್ಲಿ ಅದ್ದಿದರು, ಆದರೆ ಬಾಯಿಗೆ ಇಡಲಿಲ್ಲ. ಸಾಲಿನ ಆ ತುದಿಯಲ್ಲಿ ಯಾರೋ ಸಾರು ಕೇಳುತ್ತಿದ್ದರು. ನನಗೋ, ಸುಮ್ಮನಿರಲು ಬರುವುದಿಲ್ಲ.

"ನೀವೇ ಎತ್ತಿದ್ದಿದ್ರೆ ಏನ್ ಕೇಳ್ತಿದ್ರಿ ಅಜ್ಜಿ?"